ಸರಾಸರಿ ಮಳೆ ಬರುವ ವರ್ಷ ಯಾವುದು?

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ಕಡೆಗೆ ಏಪ್ರಿಲ್ ತಿಂಗಳಿನಲ್ಲಿ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ನೆಲದ ಬಿರುಕು. ಎರೆಭೂಮಿ ಒಣಗಿ ಬಾಯಿಬಿಟ್ಟಿರುತ್ತದೆ. ಮಕ್ಕಳು ಆ ಬಿರುಕಿನೊಳಗೆ ಜೋಳದ ದಂಟು ಇಳಿಬಿಟ್ಟು ಆಳ ನೋಡುತ್ತಾರೆ. ಅದೇ ಹೊಲಕ್ಕೆ ಅಕ್ಟೋಬರಿನಲ್ಲಿ ಒಳ್ಳೆಯ ಮಳೆಯ ಮರುದಿನ ಹೋಗಿ. ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಂಡು ಬರುತ್ತದೆ; ಎತ್ತಿನ ಗಾಡಿಯಿರಲಿ, ಟ್ರ್ಯಾಕ್ಟರೂ ಮುಂದಕ್ಕೆ ಹೋಗುವುದಿಲ್ಲ. ಒಂದೇ ನೆಲ, ಒಂದೇ ವರ್ಷ, ಎರಡು ಮುಖ.

ವರ್ಷದೊಳಗೆ ಹೀಗಾದರೆ, ವರ್ಷದಿಂದ ವರ್ಷಕ್ಕೆ? ತಲೆಮಾರಿನಿಂದ ತಲೆಮಾರಿಗೆ? ಈ ಸೀಮೆಯ ಮನೆಗಳಲ್ಲಿ ಅಜ್ಜಿಯನ್ನು ಕೇಳಿದರೆ ಎರಡೂ ಬಗೆಯ ಕತೆ ಸಿಗುತ್ತದೆ. ಕುಡಿಯುವ ನೀರಿಗೆ ಹಗರಿಯ ಮರಳಿನಲ್ಲಿ ಒರತೆ ತೋಡಿದ ಕತೆ ಒಂದು. ಅದೇ ಹಗರಿ ದಡ ಮೀರಿ ಬಂದಾಗ ದನಕರುಗಳ ಹಗ್ಗ ಬಿಚ್ಚಿ ದಿಬ್ಬಕ್ಕೆ ಓಡಿದ ಕತೆ ಇನ್ನೊಂದು. ಕೇಳುವವರಿಗೆ ಅನುಮಾನ ಬರುತ್ತದೆ: ಇದರಲ್ಲಿ ಯಾವುದು ನಿಜವಾದ ಬಳ್ಳಾರಿ?

ಎರಡೂ ನಿಜ. ಅಷ್ಟೇ ಅಲ್ಲ, ಈ ಎರಡರ ನಡುವೆ ತೂಗಾಡುವುದೇ ಇಲ್ಲಿನ ಹವಾಮಾನದ ಸ್ವಭಾವ. ಇದನ್ನು ಅರಿಯದೆ ಒಂದೆರಡು ಒಳ್ಳೆಯ ವರ್ಷಗಳನ್ನು ನಂಬಿ ಬೇಸಾಯ ಮಾಡಿದವರೂ ಊರು ಕಟ್ಟಿದವರೂ ಅಣೆಕಟ್ಟು ಕಟ್ಟಿದವರೂ ಒಮ್ಮೆಯಾದರೂ ಪೆಟ್ಟು ತಿಂದಿದ್ದಾರೆ.

ಸರಾಸರಿ ಎಂಬ ಸುಳ್ಳು

ಶಾಲೆಯ ಪುಸ್ತಕದಲ್ಲಿ ಬಳ್ಳಾರಿಯ ವಾರ್ಷಿಕ ಸರಾಸರಿ ಮಳೆ ಸುಮಾರು 500 ಮಿಲಿಮೀಟರ್ ಎಂದು ಬರೆದಿರುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಅಂಕಿ ನಿಮಗೆ ಏನನ್ನು ಹೇಳುತ್ತಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ನೋಡಿ.

ಒಂದು ಊರಿನಲ್ಲಿ ಐದು ವರ್ಷ ಕ್ರಮವಾಗಿ 300, 750, 420, 650, 380 ಮಿಲಿಮೀಟರ್ ಮಳೆಯಾಯಿತು ಎಂದುಕೊಳ್ಳೋಣ. ಕೂಡಿಸಿ ಐದರಿಂದ ಭಾಗಿಸಿದರೆ ಸರಿಯಾಗಿ 500 ಬರುತ್ತದೆ. ಆದರೆ ಆ ಐದರಲ್ಲಿ 500 ಮಿಲಿಮೀಟರ್ ಮಳೆ ಬಂದ ವರ್ಷ ಒಂದೂ ಇಲ್ಲ! ಮೂರು ವರ್ಷ ಬೆಳೆ ಸೊರಗಿತು, ಎರಡು ವರ್ಷ ಕೆರೆ ಕೋಡಿ ಬಿತ್ತು. ಮಲೆನಾಡಿನಲ್ಲಿ ಸರಾಸರಿಗೂ ನಿಜಕ್ಕೂ ಅಷ್ಟು ದೂರವಿರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರಲ್ಲಿ ಸಾವಿರ ಕಡಿಮೆಯಾದರೂ ಕಾಡು ಹಸಿರಾಗಿಯೇ ಇರುತ್ತದೆ. ಬಳ್ಳಾರಿಯಲ್ಲಿ ನೂರೈವತ್ತು ಕಡಿಮೆಯಾದರೆ ಒಂದು ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತದೆ. ಅದರ ಜೊತೆಗೆ ಒಂದು ಮಗುವಿನ ಶಾಲೆಯೂ ತಪ್ಪುತ್ತದೆ. ಮಳೆ ಕಡಿಮೆ ಇರುವ ಸೀಮೆಯಲ್ಲೇ ಅದರ ಏರುಪೇರೂ ಹೆಚ್ಚು; ಒಣಸೀಮೆಗಳ ಕಷ್ಟದ ಮೂಲ ಇದೇ.

ಮೋಡ ಇಲ್ಲಿಗೆ ಬರುವ ದಾರಿ

ಇಲ್ಲಿ ಮಳೆ ಏಕೆ ಕಡಿಮೆ? ನೈಋತ್ಯ ಮಾರುತ ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುತ್ತದೆ. ಪಶ್ಚಿಮಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತ ನೀರನ್ನು ಕರಾವಳಿಗೂ ಮಲೆನಾಡಿಗೂ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗುತ್ತದೆ. ಮಳೆ ಕೊಡುವ ಬದಲು ನೆಲದ ತೇವವನ್ನೇ ಹೀರುತ್ತದೆ. ಜೂನ್, ಜುಲೈನಲ್ಲಿ ಬಳ್ಳಾರಿಯ ಮೇಲೆ ಮೋಡ ಓಡುತ್ತಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ಮಳೆ ಮಾತ್ರ ಇಲ್ಲ. ಭೂಗೋಳದ ಪುಸ್ತಕ ಇದನ್ನು ಮಳೆಯ ನೆರಳಿನ ಪ್ರದೇಶ ಎನ್ನುತ್ತದೆ.

ಹಾಗಾಗಿ ಈ ಸೀಮೆಯ ಭಾಗ್ಯ ನಿರ್ಧಾರವಾಗುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಮುಂಗಾರು ಹಿಂದೆ ಸರಿಯುವ ಹೊತ್ತು, ಬಂಗಾಳ ಕೊಲ್ಲಿಯ ಕಡೆಯಿಂದ ವಾಯುಭಾರ ಕುಸಿತಗಳು ಒಳನಾಡಿಗೆ ಬರುವ ಹೊತ್ತು. ಅಂಥ ನಾಲ್ಕೈದು ದೊಡ್ಡ ಮಳೆ ಬಂದರೆ ವರ್ಷ ಗೆದ್ದಂತೆ. ಬರದಿದ್ದರೆ ಸೋತಂತೆ. ಅಂದರೆ ಇಡೀ ವರ್ಷದ ಅನ್ನ ಬೆರಳೆಣಿಕೆಯ ದಿನಗಳ ಮೇಲೆ ನಿಂತಿದೆ. ಇದೇ ಏರುಪೇರಿನ ಗುಟ್ಟು.

ರೈತರಿಗೆ ಇದು ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. ಅವರ ಪಂಚಾಂಗದಲ್ಲಿ ಮಳೆಗೆ ತಿಂಗಳಿನ ಲೆಕ್ಕವಿಲ್ಲ, ನಕ್ಷತ್ರದ ಲೆಕ್ಕ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಎಣಿಸುತ್ತಾ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುವ ಹೊತ್ತನ್ನು ಗುರುತಿಸುತ್ತಿದ್ದರು. ಎರೆಭೂಮಿ ಇಲ್ಲಿ ಬ್ಯಾಂಕಿನಂತೆ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಒಳಗೆ ತೇವ ಇಟ್ಟುಕೊಳ್ಳುತ್ತದೆ. ಆಮೇಲೆ ಒಂದು ಹನಿ ಬೀಳದಿದ್ದರೂ ಚಳಿಗಾಲದ ಇಬ್ಬನಿಯಲ್ಲಿ ಬಿಳಿಜೋಳ ತೆನೆ ಕಟ್ಟುತ್ತದೆ. ಬ್ಯಾಂಕಿಗೆ ಹಣ ಕಟ್ಟದ ವರ್ಷ ಮಾತ್ರ ತೆಗೆಯಲು ಏನೂ ಇರುವುದಿಲ್ಲ.

ಧಾತು ಈಶ್ವರದ ಬರ

ಅಂಥ ಎರಡು ವರ್ಷ ಒಂದರ ಹಿಂದೆ ಒಂದು ಬಂದಾಗ ಏನಾಗುತ್ತದೆ ಎಂಬುದನ್ನು ಬಳ್ಳಾರಿ 1876ರಿಂದ 1878ರವರೆಗೆ ಕಂಡಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಹಳಬರು ಅದನ್ನು ಧಾತು ಈಶ್ವರದ ಬರ ಎಂದೇ ಕರೆದರು. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ಇಡೀ ಪ್ರಾಂತ್ಯದಲ್ಲಿ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಇದೂ ಒಂದು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಕರಗಿತ್ತು. ಪಕ್ಕದ ಮೈಸೂರು ಸಂಸ್ಥಾನವೂ ಹೆಚ್ಚುಕಡಿಮೆ 10 ಲಕ್ಷ ಜನರನ್ನು ಕಳೆದುಕೊಂಡಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಪ್ರದೇಶಗಳಲ್ಲಿ ಒಟ್ಟು 50 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು.

ಸತ್ತವರನ್ನೆಲ್ಲ ಕೊಂದದ್ದು ಮಳೆಯ ಕೊರತೆ ಒಂದೇ ಅಲ್ಲ. ಆ ಹೊತ್ತಿಗೆ ಬಳ್ಳಾರಿಗೆ ರೈಲು ಬಂದಿತ್ತು. ಧಾನ್ಯ ಬೇರೆ ಕಡೆ ಇತ್ತು, ತರಲು ದಾರಿಯೂ ಇತ್ತು. ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. ಬೆಳೆ ಹೋದರೆ ರೈತನಿಗಷ್ಟೇ ಅಲ್ಲ, ಕೂಲಿಯವನಿಗೂ ನೇಕಾರನಿಗೂ ಕೆಲಸ ಹೋಗುತ್ತದೆ. ಪರಿಹಾರ ಕಾಮಗಾರಿಗಳೇನೋ ಆರಂಭವಾದವು. ಆದರೆ 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಖರ್ಚು ಹೆಚ್ಚಾಯಿತೆಂದು ಕೂಲಿಯನ್ನು ಇಳಿಸಿದರು. ದಿನವಿಡೀ ಕಲ್ಲು ಒಡೆಯುವವನಿಗೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ. ಅದರ ಜೊತೆಗೆ ಅಲ್ಪ ಚಿಲ್ಲರೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದರಿಂದ ಮನುಷ್ಯ ಬದುಕಲಾರ ಎಂದು ಅಂಕಿಸಂಖ್ಯೆಗಳೊಡನೆ ವಾದಿಸಿದರು. ಕೊನೆಗೆ ಕೂಲಿ ಏರಿತು. ಅಷ್ಟರಲ್ಲಿ ಸಾಯಬೇಕಾದವರು ಸತ್ತಿದ್ದರು. 1877ರಲ್ಲಿ ಮಳೆ ಬಂದಾಗಲೂ ಸಾವು ನಿಲ್ಲಲಿಲ್ಲ. ಸೊರಗಿದ ಮೈಗೆ ಮಲೇರಿಯಾ ಹತ್ತಿತು.

ಈ ದುರಂತದ ಬಳಿಕ ಕ್ಷಾಮ ಆಯೋಗ ಬಂತು, 1880ರಲ್ಲಿ ವರದಿ ಬಂತು, ಬರ ಬಂದಾಗ ಯಾವ ಅಧಿಕಾರಿ ಏನು ಮಾಡಬೇಕೆಂಬ ಕ್ಷಾಮ ಸಂಹಿತೆ ಬಂತು. ಬರದ ಸೀಮೆಗೆ ಧಾನ್ಯ ಸಾಗಿಸುವ ಉದ್ದೇಶವೂ ಸೇರಿ ದಕ್ಷಿಣ ಮರಾಠಾ ರೈಲ್ವೆ ಹುಟ್ಟಿತು. ಇಂದು ಬರಪೀಡಿತ ತಾಲ್ಲೂಕು ಎಂಬ ಘೋಷಣೆಗೆ ಇರುವ ನಿಯಮಗಳ ಬೇರು ಅಲ್ಲಿದೆ.

ಕೆರೆ ಒಡೆದ ಮೇಲೆ ಬಂದ ಬರ

ಆದರೆ ಬರಕ್ಕೆ ಕಾರಣ ಯಾವಾಗಲೂ ಬರವೇ ಅಲ್ಲ. ಕೆಲವೊಮ್ಮೆ ಮಳೆಯೂ ಬರಕ್ಕೆ ದಾರಿ ಮಾಡುತ್ತದೆ. 1851ರಲ್ಲಿ ಬಳ್ಳಾರಿ ಜಿಲ್ಲೆಯ ಮೇಲೆ ಭಾರೀ ಬಿರುಗಾಳಿ ಮಳೆ ಬಂತು. ಕೆರೆಗಳ ಏರಿಗಳು ಒಡೆದವು. ಒಡೆದ ಕೆರೆಗಳನ್ನು ಸಕಾಲದಲ್ಲಿ ಕಟ್ಟಲಾಗಲಿಲ್ಲ. ಆಮೇಲೆ ಮಳೆ ಕೈಕೊಟ್ಟಾಗ ಹಿಡಿದಿಡಲು ಪಾತ್ರೆಯೇ ಇರಲಿಲ್ಲ. 1854ರ ಹೊತ್ತಿಗೆ ಜಿಲ್ಲೆ ಕ್ಷಾಮದಲ್ಲಿತ್ತು. ಆ ಶತಮಾನದಲ್ಲಿ 1866, 1876–78, 1891–92, 1896–97ರಲ್ಲೂ ಬರದ ಹೊಡೆತ ಬಿತ್ತು. ಒಬ್ಬ ಮನುಷ್ಯನ ಆಯುಷ್ಯದೊಳಗೆ ಐದು ಬರ, ನಡುವೆ ಒಂದು ಪ್ರವಾಹ.

ಅಕ್ಷರ ಬಲ್ಲ ರೈತ 1851ರಲ್ಲಿ ನಿಂತು ತನ್ನ ದಿನಚರಿಯಲ್ಲಿ ಇನ್ನು ನೀರಿಗೆ ಬರವಿಲ್ಲ ಎಂದು ಬರೆದಿದ್ದರೆ ಅವನನ್ನು ದೂರುವಂತಿರಲಿಲ್ಲ. ಮನುಷ್ಯನ ನೆನಪು ಮಳೆಯ ತೂಗಾಟಕ್ಕಿಂತ ಚಿಕ್ಕದು. ಇದಕ್ಕೆ ಹಗರಿಯ ಮೇಲ್ಭಾಗದಲ್ಲೇ ಒಂದು ಸಾಕ್ಷಿ ಇದೆ. ಹಗರಿ ಎಂದರೆ ವೇದಾವತಿ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ 1907ರಲ್ಲಿ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದರು. ಅದು ಮೊದಲು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ ಯಾವಾಗ ಗೊತ್ತೆ? 2022ರಲ್ಲಿ. ಬರೋಬ್ಬರಿ 89 ವರ್ಷ! ಕೋಡಿ ಬಿದ್ದದ್ದನ್ನು ನೋಡದೆಯೇ ಮೂರು ತಲೆಮಾರು ಹುಟ್ಟಿ ಬೆಳೆಯಿತು. ಮೂರನೆಯ ಸಲಕ್ಕೆ ಅಷ್ಟು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲೇ ಅದು ಮತ್ತೆ ತುಂಬಿತು. ಈಚಿನ ವರ್ಷಗಳಲ್ಲಿ ಭದ್ರಾ ನದಿಯ ನೀರನ್ನೂ ಅದಕ್ಕೆ ಹರಿಸಲಾಗುತ್ತಿದೆ ಎಂಬುದನ್ನು ಮರೆಯಬಾರದು. ಆದರೂ 2020ರಿಂದ 2022ರವರೆಗಿನ ಒಳ್ಳೆಯ ಮಳೆಗಳಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ.

ಪೆರುವಿನ ಸಮುದ್ರಕ್ಕೂ ನಮ್ಮ ಹೊಲಕ್ಕೂ

ಈ ತೂಗಾಟಕ್ಕೆ ಕಾರಣವೇನು ಎಂದು ಹುಡುಕಲು ಹೊರಟ ಕತೆ ಧಾತು ಈಶ್ವರದ ಬರದ ಆಸುಪಾಸಿನಲ್ಲೇ ಶುರುವಾಗುತ್ತದೆ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಗಿತ್ತು. ಮರುವರ್ಷವೇ ಬರ. ಮುಂದಿನ ಮಳೆಯನ್ನು ಮೊದಲೇ ಹೇಳಬಹುದೇ ಎಂಬ ಪ್ರಶ್ನೆ ಸರ್ಕಾರವನ್ನು ಕಾಡಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಸಂಬಂಧ ಹುಡುಕಿದರು. 1904ರಲ್ಲಿ ಅಧಿಕಾರ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಗಣಿತಜ್ಞ. ಜಗತ್ತಿನ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ತರಿಸಿ ಹೋಲಿಸಿದರು. ಶಾಂತಸಾಗರದ ಒಂದು ಬದಿಯಲ್ಲಿ ವಾಯುಭಾರ ಏರಿದಾಗ ಇನ್ನೊಂದು ಬದಿಯಲ್ಲಿ ಇಳಿಯುತ್ತದೆ, ತಕ್ಕಡಿಯಂತೆ. 1920ರ ದಶಕದಲ್ಲಿ ಇದಕ್ಕೆ ಅವರು ದಕ್ಷಿಣದ ತೂಗಾಟ ಎಂಬ ಅರ್ಥದ ಹೆಸರನ್ನೇ ಕೊಟ್ಟರು.

ಇತ್ತ ಪೆರು ದೇಶದ ಮೀನುಗಾರರಿಗೆ ಬೇರೊಂದು ಸಂಗತಿ ಗೊತ್ತಿತ್ತು. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸಮುದ್ರದ ನೀರು ಬೆಚ್ಚಗಾಗಿ ಮೀನು ಮಾಯವಾಗುತ್ತಿತ್ತು. ಅದನ್ನು ಅವರು ಬಾಲ ಯೇಸುವಿನ ನೆನಪಿನಲ್ಲಿ ಎಲ್ ನಿನೊ ಎಂದರು. ಈ ಬಿಸಿನೀರೂ ವಾಕರರ ತಕ್ಕಡಿಯೂ ಒಂದೇ ಯಂತ್ರದ ಎರಡು ಗಾಲಿಗಳೆಂದು 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ವಿವರಿಸಿದರು. ಶಾಂತಸಾಗರದ ನಡುಭಾಗವೂ ಪೂರ್ವಭಾಗವೂ ಬೆಚ್ಚಗಾದರೆ ಮೋಡ ಏಳುವ ಜಾಗವೇ ಅತ್ತ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಕ್ಕೆ ಇಳಿಯುತ್ತದೆ, ಮುಂಗಾರು ಬಲಹೀನವಾಗುತ್ತದೆ. 1877ರಲ್ಲಿ ಬಂದದ್ದು ಪ್ರಬಲ ಎಲ್ ನಿನೊ. ಆಗಲೇ ಉತ್ತರ ಚೀನಾದಲ್ಲೂ ಬ್ರೆಜಿಲ್ಲಿನ ಈಶಾನ್ಯ ಭಾಗದಲ್ಲೂ ಮಹಾಕ್ಷಾಮ. 1972, 1987, 2002, 2009, 2015, 2023 ಹೀಗೆ ನಮ್ಮ ದೇಶದಲ್ಲಿ ಮುಂಗಾರು ಕುಗ್ಗಿದ ಅನೇಕ ವರ್ಷಗಳಲ್ಲಿ ಎಲ್ ನಿನೊ ಇತ್ತು. ನೀರು ತಣ್ಣಗಾಗುವ ಲಾ ನಿನಾ ಇದರ ತಂಗಿ. 2020–22ರಲ್ಲಿ ಮೂರು ಚಳಿಗಾಲ ಸಾಲಾಗಿ ಅದು ಇತ್ತು.

ಹಾಗಾದರೆ ಎಲ್ ನಿನೊ ಬಂದರೆ ಬರ ಖಚಿತವೇ? ಅಲ್ಲ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಬಂತು, ದೇಶದ ಮುಂಗಾರು ಮಾತ್ರ ಸರಿಯಾಗಿಯೇ ಇತ್ತು. ಹಿಂದೂ ಮಹಾಸಾಗರಕ್ಕೂ ತನ್ನದೇ ತಕ್ಕಡಿ ಇದೆ. ಅದು ಆ ವರ್ಷ ನಮ್ಮ ಕಡೆ ವಾಲಿತ್ತು ಎಂದು ವಿಜ್ಞಾನಿಗಳು ಹೇಳುತ್ತಾರೆ.

ಇನ್ನೂ ನಿಧಾನವಾದ ತೂಗಾಟವೂ ಇದೆ. ದೇಶದ ಮಳೆಯ ದಾಖಲೆಯನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 1871ರಿಂದ ಜೋಡಿಸಿದೆ. ಅದನ್ನು ನೋಡಿದರೆ ಸುಮಾರು ಮೂವತ್ತು ವರ್ಷ ಬರಗಳು ಮೇಲಿಂದ ಮೇಲೆ ಬರುತ್ತವೆ, ಮತ್ತೆ ಮೂವತ್ತು ವರ್ಷ ವಿರಳವಾಗುತ್ತವೆ. ಇಪ್ಪತ್ತನೇ ಶತಮಾನದ ಮೊದಲ ಮೂರು ದಶಕ ಕೊರತೆಯವು. 1930ರಿಂದ 60ರ ದಶಕದ ಆರಂಭದವರೆಗೆ ಸಮೃದ್ಧಿಯವು. ಅಲ್ಲಿಂದ 1990ರವರೆಗೆ ಮತ್ತೆ ಕೊರತೆಯವು. ಇದು ಗಡಿಯಾರವಲ್ಲ, ಒಂದೊಂದು ಊರಿಗೂ ಹಾಗೇ ಅನ್ವಯಿಸುವುದೂ ಇಲ್ಲ. ಆದರೆ ಒಂದು ಎಚ್ಚರಿಕೆ ಇದೆ: ಒಬ್ಬ ರೈತ ತನ್ನ ಯೌವನವೆಲ್ಲ ನೋಡಿದ ಮಳೆಯೇ ವಾಡಿಕೆಯ ಮಳೆ ಎಂದು ಮಗನಿಗೆ ಹೇಳಿಕೊಟ್ಟರೆ, ಮಗನ ಕಾಲಕ್ಕೆ ಅದು ಸುಳ್ಳಾಗಬಹುದು.

ಗುಹೆಯ ಕಲ್ಲು, ಬೂದಿಯ ದಿಬ್ಬ

ಮಳೆಮಾಪಕ ಇಲ್ಲದ ಕಾಲದ ಮಳೆಯನ್ನು ತಿಳಿಯುವುದು ಹೇಗೆ? ಸುಣ್ಣದ ಕಲ್ಲಿನ ಗುಹೆಗಳಲ್ಲಿ ಚಾವಣಿಯಿಂದ ತೊಟ್ಟಿಕ್ಕುವ ನೀರು ಸುಣ್ಣ ಬಿಡುತ್ತಾ ಕಲ್ಲಿನ ಗೂಟಗಳನ್ನು ಬೆಳೆಸುತ್ತದೆ, ಮರದ ಉಂಗುರದಂತೆ ಪದರ ಪದರವಾಗಿ. ಆ ಪದರದೊಳಗಿನ ಆಮ್ಲಜನಕದಲ್ಲಿ ಹಗುರವಾದ ಬಗೆ ಎಷ್ಟು, ಭಾರವಾದ ಬಗೆ ಎಷ್ಟು ಎಂದು ಅಳೆದರೆ ಆ ಕಾಲದ ಮುಂಗಾರಿನ ಬಲ ತಿಳಿಯುತ್ತದೆ. ಛತ್ತೀಸಗಢದ ದಂಡಕ ಗುಹೆಯ ಕಲ್ಲು ಹದಿನಾಲ್ಕು, ಹದಿನೈದನೇ ಶತಮಾನಗಳಲ್ಲಿ ದಶಕಗಟ್ಟಲೆ ಮುಂಗಾರು ಕುಗ್ಗಿದ್ದನ್ನು ತೋರಿಸಿದೆ. ದಖನ್ನಿನಲ್ಲಿ 1396ರಿಂದ ಹನ್ನೆರಡು ವರ್ಷ ಕಾಡಿತೆಂದು ಹೇಳುವ ದುರ್ಗಾದೇವಿ ಬರ ಇದೇ ಕಾಲದ್ದು. ವಿಜಯನಗರ ತನ್ನ ಕಾಲುವೆ, ಕೆರೆಗಳನ್ನು ಕಟ್ಟುತ್ತಾ ಬೆಳೆದದ್ದೂ ಇಂಥ ಕಾಲದಲ್ಲೇ. ಹಂಪಿಯ ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ದೂರ ಹೋಗಬೇಕಿಲ್ಲ. ಬಳ್ಳಾರಿಯ ಅಂಚಿನಲ್ಲೇ ಸಂಗನಕಲ್ಲು ಬೆಟ್ಟವಿದೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಅಲ್ಲಿ ದನಗಾಹಿಗಳು ನೆಲೆಸಿದ್ದರು. ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಹತ್ತಿರವಿರುವ ದೊಡ್ಡ ಬೂದಿದಿಬ್ಬ ಅವರಂಥವರು ಸಗಣಿಯ ರಾಶಿ ಸುಟ್ಟು ಬಿಟ್ಟುಹೋದ ಗುರುತು. ಅವರು ಬೆಳೆದ ಕಾಳುಗಳ ಕರಕಲು ಅಗೆತಗಳಲ್ಲಿ ಸಿಕ್ಕಿವೆ: ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ಒಂದೆರಡು ಮಳೆಗೆ ಕೈಗೆ ಬರುವ, ಮಳೆ ತಪ್ಪಿದರೂ ಪೂರ್ತಿ ಕೈಬಿಡದ ಕಾಳುಗಳು. ಜೊತೆಗೆ ನಡೆದು ಹೋಗಬಲ್ಲ ಆಸ್ತಿ, ಅಂದರೆ ದನ. ತೂಗಾಟದ ಹವಾಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಈಗಲೂ ಕಂಡುಹಿಡಿದಿಲ್ಲ.

ಬೇರೆಯವರ ಮಳೆ

1953ರಲ್ಲಿ ಈ ಸೀಮೆಗೆ ಎರಡು ದೊಡ್ಡ ಸಂಗತಿಗಳು ಘಟಿಸಿದವು. ಬಳ್ಳಾರಿ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯಿತು. 1860ರಲ್ಲೇ ಸರ್ ಆರ್ಥರ್ ಕಾಟನ್ ಹೇಳಿದ್ದ ಯೋಜನೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಸಿರುಗುಪ್ಪ, ಕುರುಗೋಡು ಕಡೆಯ ಹೊಲಗಳು ಭತ್ತದ ಗದ್ದೆಗಳಾದವು. ಅಲ್ಲಿನ ರೈತರ ಕಣ್ಣು ಈಗ ತಮ್ಮ ಮೇಲಿನ ಮೋಡದ ಮೇಲಿಲ್ಲ, ಶೃಂಗೇರಿ, ತೀರ್ಥಹಳ್ಳಿಗಳ ಮೇಲಿನ ಮೋಡದ ಮೇಲಿದೆ. ಬೇರೆಯವರ ಊರಿನ ಮಳೆ ನದಿಯಾಗಿ ಬಂದು ಇವರ ಅನ್ನವಾಗುತ್ತದೆ. ಹೀಗೆ ಒಂದೇ ಜಿಲ್ಲೆಯಲ್ಲಿ ಎರಡು ಹವಾಮಾನ: ಕಾಲುವೆಯ ಆಚೆ ಒಂದು, ಈಚೆ ಒಂದು.

ಕಾಲುವೆ ತೂಗಾಟವನ್ನು ತಗ್ಗಿಸಿದೆ, ನಿಲ್ಲಿಸಿಲ್ಲ. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105.8 ಟಿ.ಎಂ.ಸಿ. ಮಾತ್ರ ಉಳಿದಿದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ ಜಲಾಶಯ ತುಂಬಿತು. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕಿತ್ತುಹೋಯಿತು. ಹತ್ತಾರು ಟಿ.ಎಂ.ಸಿ. ನೀರು ಹರಿದುಹೋದ ಮೇಲೆ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿ ನಿಲ್ಲಿಸಿದರು. ಆ ವರ್ಷ ಮುಂದೆ ಮಳೆ ಬಂದದ್ದರಿಂದ ಬೆಳೆ ಉಳಿಯಿತು. 1851ರ ಒಡೆದ ಕೆರೆಗಳ ಪಾಠವೇ ಇದು: ಒಳ್ಳೆಯ ವರ್ಷದಲ್ಲಿ ಏರಿ, ಗೇಟು ನೋಡಿಕೊಳ್ಳದಿದ್ದರೆ ಕೆಟ್ಟ ವರ್ಷಕ್ಕೆ ಉಳಿಯುವುದು ಏನೂ ಇಲ್ಲ.

ಬರ ಮತ್ತು ನೆರೆ ಒಂದೇ ವರ್ಷ ಬರಬಾರದೆಂಬ ನಿಯಮವೂ ಇಲ್ಲ. 2009ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಶೇ. 22ರಷ್ಟು ಕಡಿಮೆ, 1972ರ ಬಳಿಕ ಅಷ್ಟು ಕೊರತೆ ಆಗಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಮಹಾಪೂರ. ಸಿರುಗುಪ್ಪ ತಾಲ್ಲೂಕಿನ ನದಿತೀರದ ಊರುಗಳಿಗೆ ನೀರು ನುಗ್ಗಿತು, ಮಂತ್ರಾಲಯ ಮುಳುಗಿತು, ಕರ್ನೂಲು ನಗರ ಮುಳುಗಿತು. ಬಿತ್ತನೆಗೆ ಮಳೆ ಕಾಯುತ್ತಿದ್ದವರೇ ಕೆಲವೇ ವಾರಗಳಲ್ಲಿ ಗಂಜಿಕೇಂದ್ರ ಸೇರಿದರು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇಂಥದ್ದು ಹೆಚ್ಚಬಹುದು. ಗಾಳಿಯ ತಾಪ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಮಳೆ ಬಾರದ ದಿನಗಳಲ್ಲಿ ನೆಲವನ್ನು ಹೆಚ್ಚು ಹಿಂಡುತ್ತದೆ, ಬಂದ ದಿನ ಹೆಚ್ಚು ಸುರಿಯುತ್ತದೆ.

ಮೂರು ಒಳ್ಳೆಯ ವರ್ಷಗಳ ಮೋಸ

ಇಷ್ಟೆಲ್ಲ ತಿಳಿದು ಮಾಡುವುದೇನು ಎಂದು ತಂದೆತಾಯಿಯರು ಕೇಳಬಹುದು. ಒಣಬೇಸಾಯದ ಮನೆಯಲ್ಲಿ ಸಾಲ ಹುಟ್ಟುವುದು ಬಹುಪಾಲು ಕೆಟ್ಟ ವರ್ಷದಲ್ಲಲ್ಲ, ಒಳ್ಳೆಯ ವರ್ಷದಲ್ಲಿ. ಮೂರು ವರ್ಷ ಸಾಲಾಗಿ ಮಳೆ ಬಂದಾಗ ಜೋಳ ಬಿಟ್ಟು ಮೆಣಸಿನಕಾಯಿ, ಹತ್ತಿಯೇ ಹೊಲ ತುಂಬ ಹಾಕುತ್ತೇವೆ. ಇನ್ನೊಂದು ಕೊಳವೆಬಾವಿ ಕೊರೆಸುತ್ತೇವೆ. ಹೂಳು ತೆಗೆಯುವ ಮಾತು ಮರೆಯುತ್ತೇವೆ. ನಾಲ್ಕನೆಯ ವರ್ಷ ತಕ್ಕಡಿ ಮೇಲೇಳುತ್ತದೆ. ಆಗ ಸಾಲದ ಜೊತೆಗೆ ಮಗಳ ಕಾಲೇಜಿನ ಶುಲ್ಕವೂ ತೂಗಿ ನೋಡಬೇಕಾಗುತ್ತದೆ.

ಹತ್ತಿರದ ಹಗರಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಪ್ರಯೋಗಗಳು ನಡೆದವು. ಈಗ ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಕೇಂದ್ರ 1954ರಿಂದ ಎರೆಭೂಮಿಯ ಮೇಲೆ ಕೆಲಸ ಮಾಡುತ್ತಿದೆ. ಅವರು ಹೇಳುವುದು ಸರಳ: ಬದು ಹಾಕಿ, ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿ, ಕೃಷಿಹೊಂಡ ತೋಡಿ, ಸಾಲುಗಳ ನಡುವೆ ಅಂತರ ಬಿಡಿ, ಒಂದೇ ಬೆಳೆಯನ್ನು ನಂಬಬೇಡಿ. ಇವುಗಳಲ್ಲಿ ಒಂದೂ ಮಳೆಯನ್ನು ತರುವುದಿಲ್ಲ. ಬಂದ ಮಳೆಯನ್ನು ಮುಂದಿನ ತಿಂಗಳಿಗೆ ದಾಟಿಸುತ್ತವೆ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಕೆಲಸ. 1988ರಲ್ಲಿ ಬೆಂಗಳೂರಿನಲ್ಲಿ ಬರ ಉಸ್ತುವಾರಿ ಕೋಶ ಸ್ಥಾಪಿಸಿದ ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮೊದಲು. ಇಂದು ಅದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಆದರೂ ನೀವೇ ಅಳೆಯುವುದರ ರುಚಿ ಬೇರೆ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬಿಯನ್ನು ಮರ, ಗೋಡೆಗಳಿಂದ ದೂರ ಬಯಲಿನಲ್ಲಿ ನೆಟ್ಟಗೆ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆದು ಬರೆಯಿರಿ, ಚೆಲ್ಲಿ, ಮತ್ತೆ ಇಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4000 ಲೀಟರ್. ನಿಮ್ಮ ಶಾಲೆಯ ಚಾವಣಿ 100 ಚದರ ಮೀಟರ್ ಇದ್ದರೆ 500 ಮಿಲಿಮೀಟರ್ ಮಳೆಯ ವರ್ಷ ಅದರ ಮೇಲೆ ಬೀಳುವ ನೀರು 50,000 ಲೀಟರ್! ಅದು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ.

ಒಂದು ವರ್ಷದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಹತ್ತು ವರ್ಷದ್ದು ಸ್ವಲ್ಪ ಹೇಳುತ್ತದೆ. ಹಾಗಾಗಿ ಎಂಟನೇ ತರಗತಿಯವರು ಶಾಲೆ ಬಿಡುವಾಗ ಆ ನೋಟ್‌ಬುಕ್ಕನ್ನು ಮುಂದಿನ ತರಗತಿಯವರಿಗೆ ಕೊಟ್ಟು ಹೋಗಬೇಕು. ಧಾತು ಈಶ್ವರದ ಬರವನ್ನು ಕಂಡವರು ಈಗ ಯಾರೂ ಇಲ್ಲ. ಮಾರಿಕಣಿವೆಯ ಮೊದಲ ಕೋಡಿಯನ್ನು ನೆನಪಿಡುವಷ್ಟು ವಯಸ್ಸಾದವರೂ ಸಿಗುವುದು ಕಷ್ಟ. ಅಜ್ಜಿಯ ನೆನಪು ಅಜ್ಜಿಯೊಂದಿಗೆ ಹೋಗುತ್ತದೆ. ಬರೆದಿಟ್ಟ ಅಂಕಿ ಉಳಿಯುತ್ತದೆ. ಮುಂದೆ ಯಾರಾದರೂ ಮೂರು ಒಳ್ಳೆಯ ವರ್ಷ ನೋಡಿ ಮೈಮರೆತಾಗ, ಶಾಲೆಯ ಬೀರುವಿನಲ್ಲಿರುವ ಆ ಹಳೆಯ ನೋಟ್‌ಬುಕ್ಕು ತೆರೆದು ತೋರಿಸಬಹುದು.